ಸಾರಿನ ಬಕೆಟ್ಟು ಹಿಡಿದ ಅಪ್ಪ

ನಮ್ಮಪ್ಪನಿಗೆ ಔತಣದ ಊಟ ಮಾಡುವುದಕ್ಕಿಂತ ಬಡಿಸುವುದೇ ಹೆಚ್ಚು ಇಷ್ಟ. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಯಾರ ಮನೆಯಲ್ಲಿ ನಾಮಕರಣವಾಗಲಿ, ಉಪನಯನವಾಗಲಿ, ಬರೀ ಸತ್ಯನಾರಾಯಣ ಪೂಜೆಯೇ ಆಗಲಿ, ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಅಪ್ಪ ಶರ್ಟು ಬಿಚ್ಚಿ ಮೊಳೆಗೆ ತೂಗುಹಾಕಿ, ಪಂಚೆ ಎತ್ತಿ ಕಟ್ಟಿ, ಟವೆಲನ್ನು ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ಟಿನ ಮುಂದೆ ಹಾಜರು. ಯಾರೂ ಕರೆಯುತ್ತಿರಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದ ಗುಮಾಸ್ತ, ಪಂಕ್ತಿಗೆ ಇಳಿದರೆ ಬೇರೆಯೇ ಮನುಷ್ಯ. ಮಕ್ಕಳನ್ನು ಗದರುತ್ತಾ, ಮುದುಕರನ್ನು ರೇಗಿಸುತ್ತಾ, ಸಾಲಿನ ಈ ತುದಿಯಿಂದ ಆ ತುದಿಗೆ ಒಂದು ತೊಟ್ಟೂ ನೆಲಕ್ಕೆ ಬೀಳಿಸದೆ ಹೋಗಿ ಬರುತ್ತಿದ್ದರು.

ಪಲ್ಯ, ಕೋಸಂಬರಿ ಬಡಿಸುವುದನ್ನು ಅಪ್ಪ ಕೆಲಸವೆಂದೇ ಲೆಕ್ಕಕ್ಕಿಡುತ್ತಿರಲಿಲ್ಲ. ಸಾರು ಹಾಗಲ್ಲ. ಅದು ಬಿಸಿ, ಮೇಲಾಗಿ ಹರಿಯುತ್ತದೆ. ಊಟಕ್ಕೆ ಕೂತವರು ಅನ್ನದಲ್ಲಿ ಗುಳಿ ಮಾಡಿಕೊಳ್ಳುವ ಮೊದಲೇ ಬಿದ್ದರೆ ಪಕ್ಕದಲ್ಲಿರುವ ಹೋಳಿಗೆಯನ್ನು ತೇಲಿಸಿಬಿಡುತ್ತದೆ, ತಡವಾಗಿ ಬಿದ್ದರೆ ಅನ್ನ ಆರಿಹೋಗಿರುತ್ತದೆ. ಬಕೆಟ್ಟಿನ ತಳದಿಂದ ಸೌಟು ಎತ್ತಬೇಕು, ಇಲ್ಲದಿದ್ದರೆ ಸಾಲಿನ ಮೊದಲಿನವರಿಗೆ ಬರೀ ತಿಳಿ, ಕೊನೆಯವರಿಗೆ ಬರೀ ಬೇಳೆ. ಇದನ್ನೆಲ್ಲ ಅಪ್ಪ ವಿವರಿಸಲು ಹೊರಟರೆ ನಾವು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದೆವು. ಅವರಿಗೆ ಸ್ವಂತದ್ದೊಂದು ಉದ್ದ ಹಿಡಿಯ ಸೌಟೂ ಇತ್ತು, ಮಾಮೂಲ್‌ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದು ಆರಿಸಿ ತಂದದ್ದು. ಕುಮಾರ ಪಾರ್ಕ್‌ನ ಒಂದು ಮದುವೆಯಲ್ಲಿ ಅದು ಯಾರದೋ ಪಾತ್ರೆಗಳ ಜೊತೆ ಸೇರಿ ಹೋಯಿತು. ಅಪ್ಪ ವಾರಗಟ್ಟಲೆ ಮುಖ ಸಪ್ಪೆ ಮಾಡಿಕೊಂಡಿದ್ದರು. ಅಮ್ಮನಿಗೆ ನಗು ತಡೆಯಲಾಗದೆ, ಸೌಟಿಗೂ ಒಂದು ತಿಥಿ ಮಾಡಿಬಿಡಿ ಎಂದು ಹೇಳಿ ಬೈಸಿಕೊಂಡರು.

ಅಪ್ಪನ ಕಾನೂನಿನಲ್ಲಿ ಎಲ್ಲಕ್ಕಿಂತ ಮೇಲಿನದು, ಎಲೆಯ ಮುಂದೆ ನಿಂತು "ಬೇಕಾ" ಎಂದು ಕೇಳಬಾರದು ಎಂಬುದು. ನಮ್ಮ ಜನರ ಬಾಯಿಂದ ಬೇಕು ಎಂಬ ಮಾತು ಹೊರಡುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು. ಹೊಟ್ಟೆ ತಾಳ ಹಾಕುತ್ತಿದ್ದರೂ ಸಾಕು ಸಾಕು ಎನ್ನುತ್ತಾರೆ, ಬಡಿಸುವವನು ಅದನ್ನು ನಂಬಿ ಮುಂದಕ್ಕೆ ಹೋದರೆ ಅವನ ಬೆನ್ನನ್ನೇ ನೋಡುತ್ತಾ ಕೂರುತ್ತಾರೆ. ಮಲ್ಲೇಶ್ವರದ ಒಂದು ಕಲ್ಯಾಣ ಮಂಟಪದಲ್ಲಿ ಅಡುಗೆಯ ಜೊತೆಗೆ ಬಡಿಸುವುದನ್ನೂ ಕಂಟ್ರಾಕ್ಟಿಗೆ ಕೊಟ್ಟಿದ್ದರು. ಬಡಿಸಲು ಬಂದವರು ಬಹಳ ಮರ್ಯಾದಸ್ಥರು. ಪ್ರತಿಯೊಬ್ಬರನ್ನೂ ಬೇಕಾ ಸಾರ್, ಬೇಕಾ ಮೇಡಂ ಎಂದು ಕೇಳಿದರು, ಪ್ರತಿಯೊಬ್ಬರೂ ಬೇಡ ಎಂದರು. ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಸಾರು ಉಳಿಯಿತು, ಇಡೀ ಗಂಡಿನ ಕಡೆಯವರು ಅರೆಹೊಟ್ಟೆಯಲ್ಲಿ ಎದ್ದರು. ಅರ್ಧ ಗಂಟೆಯ ನಂತರ ವರನ ಸೋದರಮಾವನೂ ಅವರ ಪರಿವಾರವೂ ಎದುರಿನ ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ಇಡ್ಲಿ ತಿನ್ನುತ್ತಿದ್ದುದನ್ನು ಅಪ್ಪ ಕಣ್ಣಾರೆ ಕಂಡರು. ಆ ಕಥೆಯನ್ನು ಅವರು ಸಾಯುವವರೆಗೂ ಹೇಳಿದರು, ಯಾವತ್ತೂ ನಗುತ್ತಾ ಹೇಳಲಿಲ್ಲ.

ಹಾಗಾದರೆ ನಿಜವಾಗಿ ಸಾಕಾದವರನ್ನು ಗುರುತಿಸುವುದು ಹೇಗೆ? ಅದಕ್ಕೂ ಅಪ್ಪನ ಬಳಿ ಶಾಸ್ತ್ರವಿತ್ತು. ಬಾಯಿ ನೋಡಬೇಡ, ಕೈ ನೋಡು ಎನ್ನುತ್ತಿದ್ದರು. ಸೌಟು ಬಗ್ಗಿದ ಮೇಲೆ ಎಲೆಗೆ ಅಡ್ಡ ಬರುವ ಕೈ ಬರೀ ನಾಚಿಕೆಯದು, ಬೆರಳುಗಳ ಸಂದಿಯಲ್ಲಿ ದಾರಿ ಬಿಟ್ಟಿರುತ್ತದೆ, ಧಾರಾಳವಾಗಿ ಹಾಕಬಹುದು. ನಾವು ಬಗ್ಗುವ ಮೊದಲೇ ಬರುವ ಕೈಯಿದೆಯಲ್ಲ, ಅದು ನಿಜ. ಅಂಥವರ ಎಲೆಗೆ ಬಲವಂತ ಮಾಡಬಾರದು, ಮಾತಾಡದೆ ಮುಂದಿನ ಎಲೆಗೆ ಹೋಗಬೇಕು. ಒತ್ತಾಯಕ್ಕೂ ಹಿಂಸೆಗೂ ಇರುವ ವ್ಯತ್ಯಾಸ ಗೊತ್ತಿಲ್ಲದವನು ಬಕೆಟ್ಟು ಹಿಡಿಯಬಾರದು ಎಂದು ಅವರ ಅಭಿಪ್ರಾಯ.

ಈ ವಿದ್ಯೆಯನ್ನು ನನಗೆ ಕಲಿಸಲು ಅಪ್ಪ ಪ್ರಯತ್ನಪಟ್ಟು ಸೋತರು. ನಾನು ಸ್ಕೂಲ್ ಟೀಚರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಯಾರಾದರೂ ಬೇಡ ಎಂದರೆ, ಬೇಡವಾದರೆ ಬಿಡಿ ಎಂದು ಹೇಳಿ ಹೋಗುವ ಜಾತಿ ನನ್ನದು. ಆದರೆ ನನ್ನ ಮಗಳು ತಾತನ ಕೈಗೆ ಸಿಕ್ಕಿಬಿಟ್ಟಳು. ನಾವು ಮಹಡಿಯ ಮೇಲಿದ್ದೆವು, ಅಪ್ಪ ಅಮ್ಮ ಕೆಳಗಿನ ಮನೆಯಲ್ಲಿ. ಬೇಸಿಗೆ ರಜೆ ಬಂದರೆ ತಾತ, ಮೊಮ್ಮಗಳು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಎಲೆಗಳನ್ನು ಬರೆದು, ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಅಭ್ಯಾಸಕ್ಕೆ ನಿಲ್ಲುತ್ತಿದ್ದರು. ನೀರು ಗೆರೆ ದಾಟಿ ಹೋದರೆ ಆ ಎಲೆ ಫೇಲು. ಅಪ್ಪ ತಾವೇ ಒಂದು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಮ್ಮೆ ಮಧುಮೇಹದ ಮುದುಕನಾಗಿ, ಒಮ್ಮೆ ಕೋಪ ಮಾಡಿಕೊಂಡ ಬೀಗರಾಗಿ ನಟಿಸುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕತ್ತೆತ್ತಿ, ಏನ್ ಸಾರ್, ತಾರಸಿಗೇ ಊಟ ಹಾಕ್ತಿದೀರಾ ಎಂದು ಕೇಳಿದ್ದರು. ಅಪ್ಪ ಗಂಭೀರವಾಗಿ, ಮುಂದಿನ ಪಂಕ್ತಿಗೆ ನೀವೂ ಬನ್ನಿ ಎಂದರು. ಈಗ ಮಗಳು ಕಾಲೇಜು ಮುಗಿಸುತ್ತಿದ್ದಾಳೆ. ಕಲಿತ ಪಾಠಗಳಲ್ಲಿ ಅವಳಿಗೆ ಪೂರ್ತಿ ನೆನಪಿರುವುದು ಅದೊಂದೇ ಎಂದು ನನ್ನ ಗುಮಾನಿ.

ಇಂಥ ಅಪ್ಪ ಒಂದು ಮಧ್ಯಾಹ್ನ ಮೊಸರನ್ನ ಉಂಡು, ನಿಂಬೆಕಾಯಿ ಉಪ್ಪಿನಕಾಯಿಯನ್ನು ಹೊಗಳಿ, ಸ್ವಲ್ಪ ಅಡ್ಡಾಗ್ತೀನಿ ಎಂದು ಮಲಗಿದವರು ಕಾಫಿಗೆ ಏಳಲಿಲ್ಲ. ಎಬ್ಬಿಸಲು ಹೋದ ಅಮ್ಮ ಕಾಫಿ ಲೋಟವನ್ನು ಹಾಗೇ ಹಿಡಿದುಕೊಂಡು ವಾಪಸು ಬಂದು, ಬಾರೇ ಸ್ವಲ್ಪ ಎಂದು ಮೆಟ್ಟಿಲ ಕೆಳಗಿನಿಂದ ನನ್ನನ್ನು ಕರೆದರು. ಅಂಥ ಸಾವು ಯಾರಿಗುಂಟು ಎಂದು ಬಂದವರೆಲ್ಲ ಹೇಳಿದರು. ನಿಜವೇ. ಆದರೂ ನನಗೆ ಸಿಟ್ಟು ಬಂದಿತ್ತು. ಸಂಜೆ ತರಕಾರಿಗೆ ಹೋಗೋಣ ಎಂದು ಹೇಳಿ ಮಲಗಿದ್ದ ಮನುಷ್ಯ.

ಆಮೇಲೆ ಅಮ್ಮ ಊಟ ಬಿಟ್ಟರು. ಹಟ ಮಾಡಿ ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು, ಅನ್ನವನ್ನು ಅತ್ತಿತ್ತ ಸರಿಸುತ್ತಿದ್ದರು, ಎರಡು ತುತ್ತು ಬಾಯಿಗೆ ಹಾಕಿಕೊಂಡು ಸಾಕು ಎಂದು ಏಳುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಕ್ಕಪಕ್ಕದವರು ಪಾಳಿ ಹಾಕಿಕೊಂಡು ಅಡುಗೆ ಕಳಿಸಿದರು. ಒಬ್ಬರ ಮನೆಯಿಂದ ಬಿಸಿಬೇಳೆಬಾತು, ಇನ್ನೊಬ್ಬರಿಂದ ಮೆಂತ್ಯದ ಗೊಜ್ಜು. ಅಮ್ಮ ಎಲ್ಲವನ್ನೂ ನಮಗೆ ಬಡಿಸಿ, ಚೆನ್ನಾಗಿದೆಯಾ ಎಂದು ವಿಚಾರಿಸಿ, ತಾವು ಮಜ್ಜಿಗೆ ಕುಡಿದು ಮಲಗುತ್ತಿದ್ದರು. ನಾನು ಬೇಡಿಕೊಂಡೆ, ರೇಗಿದೆ, ಸುಳ್ಳು ಸುಳ್ಳೇ ಅತ್ತೆ. ನಿಜವಾಗಿಯೂ ಅತ್ತೆ. ಹಸಿವಿಲ್ಲ ಕಣೇ ಎಂಬುದು ಒಂದೇ ಉತ್ತರ. ಕೊನೆಗೆ ಒಂದು ಬೆಳಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ತಲೆ ಸುತ್ತಿ ಕುಸಿದರು. ರಸ್ತೆ ತಿರುವಿನ ಕ್ಲಿನಿಕ್ಕಿನ ಡಾಕ್ಟರು ಮನೆಗೇ ಬಂದು ನೋಡಿ, ಇನ್ನೆರಡು ದಿನ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ಸ್ ಹಾಕಬೇಕಾಗುತ್ತದೆ, ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಏಳಿಸುವುದು ಕಷ್ಟ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಪ್ಪ ಹೋದ ಬೆನ್ನಿಗೇ ಅಮ್ಮನೂ ಹೊರಟುಬಿಡುತ್ತಾರೋ ಎಂಬ ಹೆದರಿಕೆ ಅಲ್ಲಿಂದ ಮುಂದೆ ನನ್ನನ್ನು ಬಿಡಲಿಲ್ಲ.

ವೈಕುಂಠ ಸಮಾರಾಧನೆ ಅದರ ಮರುದಿನವೇ ಇತ್ತು. ಸೂತಕವೆಲ್ಲ ಕಳೆದು, ನೆಂಟರಿಷ್ಟರಿಗೆ ಹೋಳಿಗೆ, ಪಾಯಸದ ಊಟ ಹಾಕುವ ದಿನ. ಗವಿಪುರದಲ್ಲಿ ಒಂದು ಚಿಕ್ಕ ಹಾಲ್ ಹಿಡಿದಿದ್ದೆವು. ಏರ್ಪಾಡೆಲ್ಲ ಚಿಕ್ಕಪ್ಪನದು, ಅಪ್ಪನ ತಮ್ಮ, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ಮನುಷ್ಯ. ಬೆಳಗ್ಗೆ ಹೋಗಿ ನೋಡುತ್ತೇನೆ, ಬಿಳಿ ಟೋಪಿ, ಕಪ್ಪು ಪ್ಯಾಂಟಿನ ಬಡಿಸುವವರ ತಂಡವೊಂದು ಗೋಡೆಗೆ ಒರಗಿ ನಿಂತಿದೆ. ಒಬ್ಬಾತ ಬಹಳ ವಿನಯದಿಂದ ಮುಂದೆ ಬಂದು, ಕಾಫಿ ಬೇಕಾ ಮೇಡಂ ಎಂದ.

ನನ್ನ ಪಿತ್ತ ನೆತ್ತಿಗೇರಿತು. ನೇರವಾಗಿ ಚಿಕ್ಕಪ್ಪನ ಹತ್ತಿರ ಹೋಗಿ, ಅಪ್ಪನ ಊಟಕ್ಕೆ ಬೇಕಾ ಬೇಕಾ ಅನ್ನೋರು ಬಡಿಸುವುದಾದರೆ ನಾನು ಇಲ್ಲಿಂದಲೇ ಮನೆಗೆ ಹೋಗುತ್ತೇನೆ ಎಂದೆ. ಚಿಕ್ಕಪ್ಪ ತಲೆ ಚಚ್ಚಿಕೊಂಡರು. ಈಗ ಬಡಿಸುವವರನ್ನು ಎಲ್ಲಿಂದ ತರಲಿ, ಎಲ್ಲರಿಗೂ ಮಂಡಿನೋವು ಎಂದರು. ಅದೂ ಸುಳ್ಳಲ್ಲ. ಕೊನೆಗೆ ಮಿಕ್ಕದ್ದನ್ನೆಲ್ಲ ಟೋಪಿಯವರು ಬಡಿಸಲಿ, ಸಾರು ಮಾತ್ರ ನಾನು ಮತ್ತು ನನ್ನ ಮಗಳು ಎಂದು ಒಪ್ಪಂದವಾಯಿತು. ಹೆಂಗಸರು ಮೊದಲ ಪಂಕ್ತಿಗೆ ಬಡಿಸುವುದಕ್ಕೆ ಪುರೋಹಿತರು ಏನನ್ನುತ್ತಾರೋ ಎಂದು ಚಿಕ್ಕಪ್ಪನಿಗೆ ಅಳುಕು. ಹೋಗಿ ಕೇಳಿದರೆ ಅವರು ಕೈ ತೊಳೆಯುತ್ತಾ, ಬಿಸಿ ಇದ್ದರೆ ಸಾಕಮ್ಮ ಎಂದರು.

ಸೆರಗು ಸಿಕ್ಕಿಸಿಕೊಂಡು ಇಳಿದೆ. ಮೊದಲ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಈ ಕೆಲಸವನ್ನು ಅಪ್ಪ ನಗುನಗುತ್ತಾ ಹೇಗೆ ಮಾಡುತ್ತಿದ್ದರು ಎಂದು ಆಶ್ಚರ್ಯವಾಯಿತು. ಮಗಳು ಮಾತ್ರ ತಾತನ ಪಡಿಯಚ್ಚು, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿ ಎದುರಿನ ಸಾಲಿನಲ್ಲಿ ನೀರಿನಂತೆ ಹೋಗುತ್ತಿದ್ದಳು. ಅಪ್ಪನ ಜೊತೆ ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂರುತ್ತಿದ್ದ ಮುದುಕರೊಬ್ಬರು ಅವಳಿಗೆ ಸಾಕಮ್ಮ, ಶುಗರ್ರು, ಬಿಪಿ, ಡಾಕ್ಟರು ಎಂದೆಲ್ಲ ಹೇಳಿದರು. ಸಾರಿಗೂ ಶುಗರಿಗೂ ಏನು ಸಂಬಂಧ ತಾತ ಎಂದು ಎರಡು ಸೌಟು ಹಾಕಿಯೇಬಿಟ್ಟಳು. ಅವರು ಸುರ್ರೆಂದು ಉಂಡು, ನಿಮ್ಮ ತಾತ ನನಗೆ ಮೋಸ ಮಾಡಿ ಹೋದ ಅಂದುಕೊಂಡಿದ್ದೆ, ಪರವಾಗಿಲ್ಲ, ಆಳು ಬಿಟ್ಟು ಹೋಗಿದ್ದಾನೆ ಎಂದರು. ಆ ಸಾಲಿನಲ್ಲಿ ಎಲ್ಲರೂ ನಕ್ಕರು. ಒಬ್ಬೊಬ್ಬರೂ ಅಪ್ಪನ ಒಂದೊಂದು ಕಥೆ ತೆಗೆದರು. ಒಬ್ಬರಿಗೆ ಅವರ ಮದುವೆಯ ದಿನವೇ ಅಪ್ಪ ಎಷ್ಟು ಬಲವಂತ ಮಾಡಿ ಬಡಿಸಿದ್ದರೆಂದರೆ, ಆರತಿಯ ಹೊತ್ತಿಗೆ ಮದುಮಗನಾದ ಅವರು ಕೂತಲ್ಲೇ ನಿದ್ದೆ ಹೋಗಿದ್ದರಂತೆ. ಹಾಲ್ ತುಂಬ ಗಲಗಲ. ಹೊರಗಿನಿಂದ ಬಂದವರು ನೋಡಿದ್ದರೆ ಯಾವುದೋ ಉಪನಯನದ ಮನೆ ಎಂದೇ ತಿಳಿಯುತ್ತಿದ್ದರು.

ಅಮ್ಮ ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು, ಬಂದವರನ್ನು ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ನನ್ನ ಕಣ್ಣು ಎಲ್ಲಿದ್ದರೂ ಆ ಕುರ್ಚಿಗೇ ಹೋಗಿ ಬರುತ್ತಿತ್ತು.

ಕೊನೆಯ ಪಂಕ್ತಿ ಮನೆಯವರದು. ಆಮೇಲೆ ಕೂರುತ್ತೇನೆ ಎಂದ ಅಮ್ಮನನ್ನು, ಆಮೇಲೆ ಯಾವ ಪಂಕ್ತಿಯೂ ಇಲ್ಲ ಎಂದು ಕೈ ಹಿಡಿದು ಎಬ್ಬಿಸಿ ತಂದು ಕೂರಿಸಿದೆ. ಪಕ್ಕದಲ್ಲಿ ಮಗಳು ಕೂತಳು. ಉಪ್ಪು, ಪಲ್ಯ, ಕೋಸಂಬರಿ, ಚಿತ್ರಾನ್ನ, ಹೋಳಿಗೆ ಎಲ್ಲ ಬಂದವು. ಅಮ್ಮ ಶಾಸ್ತ್ರಕ್ಕೆಂದು ಪಾಯಸವನ್ನು ಬೆರಳ ತುದಿಯಿಂದ ಮುಟ್ಟಿ ಬಾಯಿಗಿಟ್ಟುಕೊಂಡು ಕೈ ಎತ್ತಿದರು. ಅನ್ನ ಬಿತ್ತು, ತೊವ್ವೆ, ತುಪ್ಪ ಬಿತ್ತು, ಅಮ್ಮ ಮುಟ್ಟಲಿಲ್ಲ. ಆಗತಾನೇ ಮಾಡಿದ ಹೊಸ ಬಿಸಿ ಸಾರನ್ನು ಬಕೆಟ್ಟಿಗೆ ತುಂಬಿಸಿಕೊಂಡು ನಾನು ಅವರ ಎಲೆಯ ಮುಂದೆ ಬಂದೆ. ಇನ್ನೂ ನಡು ಬಗ್ಗಿಸಿರಲಿಲ್ಲ, ಅಮ್ಮನ ಕೈ ಎಲೆಯ ಮೇಲೆ ಬಂದು ಕೂತಿತು. ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಅಪ್ಪನ ಶಾಸ್ತ್ರದ ಪ್ರಕಾರ ನಾನು ಮಾತಾಡದೆ ಮುಂದಿನ ಎಲೆಗೆ ಹೋಗಬೇಕು.

ನನಗೆ ಹೋಗಲಾಗಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಕಿವಿಯಲ್ಲಿ ಕೂತಿತ್ತು. ನನಗೆ ಅಳು ಬಂದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು.

"ಅಪ್ಪ ಇದ್ದಿದ್ರೆ ಹೀಗೆ ಬಿಡ್ತಿದ್ರಾ? ಅವರು ಬಡಿಸಿದ್ರೆ ತಿಂತಿದ್ದೆ ತಾನೆ?"

ಅಮ್ಮ ತಲೆಯೆತ್ತಿ ನೋಡಿದರು. "ನಿಮ್ಮಪ್ಪ ನನ್ನ ಎಲೆ ಮುಂದೆ ಯಾವತ್ತೇ ನಿಂತಿದ್ರು?"

ನಾನು ಬಕೆಟ್ಟು ಕೆಳಗಿಟ್ಟೆ. ಹೌದಲ್ಲ. ಮನೆಯಲ್ಲಂತೂ ಬಡಿಸುತ್ತಿದ್ದವರು ಅಮ್ಮನೇ, ಅಪ್ಪ ಎದ್ದು ಒಂದು ಲೋಟ ನೀರು ತೆಗೆದುಕೊಂಡದ್ದೂ ನನಗೆ ನೆನಪಿಲ್ಲ. ಮದುವೆ ಮುಂಜಿಗಳಲ್ಲಿ ಅಮ್ಮನ ಸಾಲಿಗೆ ಸಾರು ತರುತ್ತಿದ್ದವರು ಯಾವಾಗಲೂ ಬೇರೆ ಯಾರೋ. ಊರಿಗೆಲ್ಲ ಬಡಿಸಿದ ಮನುಷ್ಯ ಹೆಂಡತಿಗೆ ಬಡಿಸಲಿಲ್ಲವಲ್ಲ ಎಂದು ಸತ್ತ ಅಪ್ಪನ ಮೇಲೂ ಒಂದು ಕ್ಷಣ ಕೋಪ ಬಂತು. ಸುತ್ತ ಕೂತವರೆಲ್ಲ ತಮ್ಮ ತಮ್ಮ ಎಲೆ ನೋಡತೊಡಗಿದರು.

ತಾತ ಒಂದು ಸಲವೂ ನಿನಗೆ ಬಡಿಸಲಿಲ್ಲವೇ ಎಂದು ಮಗಳು ಅಜ್ಜಿಯನ್ನೇ ಕೇಳಿಬಿಟ್ಟಳು. ಅವಳಿಗೆ ಮುಚ್ಚುಮರೆಯಿಲ್ಲ.

ಒಂದೇ ಒಂದು ಸಲ, ಎಂದರು ಅಮ್ಮ. ಹಾಗೆನ್ನುವಾಗ ತುಟಿಯ ಅಂಚಿನಲ್ಲಿ ಏನೋ ಅಲುಗಾಡಿತು. ಮದುವೆಯಾದ ವರ್ಷ, ಮಲ್ಲೇಶ್ವರದಲ್ಲಿ ಯಾರೋ ನೆಂಟರ ಮನೆಯ ಮದುವೆಯಂತೆ. ಹೊಸ ಸೊಸೆಯನ್ನು ಅತ್ತೆ, ಅತ್ತೆಯ ಅಕ್ಕತಂಗಿಯರು, ನಾದಿನಿಯರ ನಡುವೆ ಕೂರಿಸಿದ್ದರಂತೆ. ಅಪ್ಪ ಸಾರಿನ ಬಕೆಟ್ಟು ಹಿಡಿದು, ಎಲ್ಲರನ್ನೂ ಮಾತಾಡಿಸುತ್ತಾ, ಸಾಲಿನುದ್ದಕ್ಕೂ ಬಂದರಂತೆ. ಅಮ್ಮನ ಎಲೆ ಬಂತು, ಮಾತು ನಿಂತಿತು. ಅತ್ತೆಯರೆಲ್ಲ ತಿನ್ನುವುದನ್ನು ಬಿಟ್ಟು ನೋಡುತ್ತಿದ್ದಾರೆ. ಹೊಸ ಹೆಂಡತಿಗೆ ಎಷ್ಟು ಸೌಟು ಹಾಕುತ್ತಾನೋ ನೋಡೋಣ ಎಂದು ಹಿಂದಿನಿಂದ ಯಾರೋ ರೇಗಿಸಿದರು.

"ಕೈ ನಡುಗಕ್ಕೆ ಶುರುವಾಯ್ತು ನೋಡು. ಸೌಟು ಹೀಗೆ ಬಂತು," ಎಂದು ಅಮ್ಮ ಎಲೆಯ ಮೇಲಿದ್ದ ಕೈಯನ್ನು ಎತ್ತಿ, ಗಾಳಿಯಲ್ಲಿ ತೂಗಾಡಿಸಿ, ಮಡಿಲಿನ ಕಡೆಗೆ ತಂದು ತೋರಿಸಿದರು. "ಸೀದಾ ನನ್ನ ಧಾರೆ ಸೀರೆ ಮೇಲೆ. ಒಂದು ಸೌಟು ಪೂರ್ತಿ."

ಪುಣ್ಯಕ್ಕೆ ಸಾರು ಆರಿತ್ತಂತೆ. ಅತ್ತೆ ಕೇಳಿದ್ದಕ್ಕೆ ಅಮ್ಮ, ನನ್ನ ಮೊಣಕೈಯೇ ತಗುಲಿತು ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರಂತೆ. ಅಪ್ಪ ಕಿವಿಯವರೆಗೆ ಕೆಂಪಾಗಿ ಒಳಗೆ ಓಡಿಹೋದವರು ಊಟಕ್ಕೂ ಕೂರಲಿಲ್ಲವಂತೆ. ಅಲ್ಲಿಂದ ಮುಂದೆ ಯಾವ ಮನೆಯ ಊಟವಾಗಲಿ, ಅಮ್ಮ ಕೂತ ಸಾಲು ಬಂದರೆ ಬಕೆಟ್ಟನ್ನು ಇನ್ನೊಬ್ಬರ ಕೈಗೆ ದಾಟಿಸಿ, ಮಜ್ಜಿಗೆ ನೋಡಿಕೊಂಡು ಬರುತ್ತೇನೆ ಎಂದು ಮಾಯವಾಗುತ್ತಿದ್ದರಂತೆ. ತೊಟ್ಟು ಚೆಲ್ಲದ ಮನುಷ್ಯನ ಕಥೆ ಇದು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಆದರೆ ಅಮ್ಮನ ಕೈ ಇನ್ನೂ ಮಡಿಲ ಹತ್ತಿರವೇ ಇತ್ತು, ಎಲೆಗೆ ಅಡ್ಡ ಏನೂ ಇರಲಿಲ್ಲ. ಬಗ್ಗಿ ಅನ್ನದ ಮೇಲೆ ಸಾರು ಹಾಕಿದೆ. ಅಮ್ಮ ಮಾತಿನ ಭರದಲ್ಲಿ ಅದನ್ನು ಕಲೆಸಿದರು. ಒಂದು ತುತ್ತು ಬಾಯಿಗೆ ಹೋಯಿತು, ಇನ್ನೊಂದು ಹೋಯಿತು. ನಾನು ಸೌಟು ಹಿಡಿದು ಅಲ್ಲೇ ನಿಂತೆ.

ಯಾಕೆ ಹಾಗೆ ಓಡಿಹೋಗುತ್ತೀರಿ ಎಂದು ನೀನು ಕೇಳಲಿಲ್ಲವೇ ಎಂದಳು ಮಗಳು.

"ನನಗೂ ಒಳಗೊಳಗೇ ಸಿಟ್ಟಿತ್ತು, ಕೇಳಿರಲಿಲ್ಲ," ಎಂದರು ಅಮ್ಮ, ಮೂರನೆಯ ತುತ್ತು ನುಂಗಿ. "ಹೋದ ಸಲ ಬಸವನಗುಡೀಲಿ ಮದುವೆ ಆಯ್ತಲ್ಲ, ಅಲ್ಲೂ ಹಾಗೇ ಮಾಡಿದ್ರು. ಮನೆಗೆ ಬಂದ್ಮೇಲೆ ಕೇಳೇಬಿಟ್ಟೆ. ಇಷ್ಟು ವಯಸ್ಸಾಯ್ತು, ಇನ್ನೂ ಏನ್ರೀ ಭಯ ಅಂತ. ನೀನು ತಲೆ ತಗ್ಗಿಸ್ಕೊಂಡು ಕೂತಿದ್ರೆ ನಂಗೆ ಎಲೆ ಕಾಣಲ್ಲ ಕಣೇ, ನೀನೇ ಕಾಣ್ತೀಯ ಅಂದ್ರು."

ಅಮ್ಮನಿಗೆ ನಾಚಿಕೆಯಾಯಿತೇನೋ, ಎಡಗೈಯಿಂದ ಸೆರಗು ಸರಿಮಾಡಿಕೊಂಡು, ಉಳಿದ ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿ, ಏನು ನೋಡುತ್ತಾ ನಿಂತಿದ್ದೀಯ, ಹಾಕು ಎಂದರು.